ನಮ್ಮ ಮೋಟಾರಿನ ಫೋನ್ ನಂಬರು

ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಏನೇ ಕೊರತೆಯಾದರೂ ನೀರಿನ ಕೊರತೆ ಮಾತ್ರ ಆಗುವುದಿಲ್ಲ ಎಂದು ನಾನು ಎದೆ ತಟ್ಟಿ ಹೇಳಿದ್ದೆ. ಹೋಳಿಗೆ ಕಡಿಮೆ ಬೀಳಬಹುದು, ಶಾಮಿಯಾನ ಹರಿಯಬಹುದು, ಹಾವೇರಿಯ ನಮ್ಮ ಸೋದರತ್ತೆ ಸಿಟ್ಟಾಗಬಹುದು. ನೀರು? ಛೇ! ನೀರಿನ ಖಾತೆಯನ್ನು ನಾನೇ ಖುದ್ದಾಗಿ ವಹಿಸಿಕೊಂಡಿದ್ದೆ!

ಈ ಖಾತೆಯ ಮಹತ್ವ ತಿಳಿಯಬೇಕಾದರೆ ನನ್ನ ಹೆಂಡತಿ ಗಿರಿಜಾಳ ಸೊಂಟವನ್ನು ಕೇಳಬೇಕು. ಮದುವೆಯಾಗಿ ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಬಂದ ಲಾಗಾಯ್ತು ಅವಳು ಬಾಡಿಗೆ ಮನೆಗಳಲ್ಲಿ ಕೊಡ ಹೊತ್ತವಳು. ಒಂದು ಮನೆಯಲ್ಲಿದ್ದಾಗ ನಳ ಓಣಿಯ ತುದಿಗಿತ್ತು. ಇನ್ನೊಂದರಲ್ಲಿ ನಳ ಅಂಗಳದಲ್ಲೇ ಇತ್ತು, ಆದರೆ ನಾವಿದ್ದದ್ದು ಮಹಡಿಯ ಮೇಲೆ. ನಾನು ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಊರಿಗೆ ನೀರು ಬಿಡುವ ಹೊತ್ತಿಗೆ ಸರಿಯಾಗಿ ನನಗೆ ಅಂಗಡಿಯಲ್ಲಿ ಬಹಳ ಕೆಲಸವಿರುತ್ತಿತ್ತು. ಅದು ಹೇಗೋ ಹಾಗೆ ಆಗುತ್ತಿತ್ತು.

ಸ್ವಂತ ಮನೆ ಕಟ್ಟಿಸುವಾಗ ಅವಳು ಹಾಕಿದ ಷರತ್ತು ಒಂದೇ.

“ಮನಿ ಸಣ್ಣದಿರ್ಲಿ, ಬಣ್ಣ ಯಾವ್ದರ ಇರ್ಲಿ. ಅಡಗಿಮನ್ಯಾಗ ನಳ ತಿರುವಿದ್ರ ನೀರ ಬರಬೇಕ್ರಿ. ಇನ್ನ ಮ್ಯಾಲೆ ನಾ ಕೊಡ ಹೊರಾಂಗಿಲ್ಲ.”

ಹಾಗಾಗಿ ಅಂಗಳದಲ್ಲಿ ನೆಲದೊಳಗೆ ತೊಟ್ಟಿ ಕಟ್ಟಿಸಿದೆ, ಮಾಳಿಗೆ ಮೇಲೆ ಟ್ಯಾಂಕ್ ಕೂರಿಸಿದೆ, ತೊಟ್ಟಿಯ ನೀರನ್ನು ಟ್ಯಾಂಕಿಗೆ ಏರಿಸಲು ಮೋಟಾರು ತಂದೆ. ಮೋಟಾರಿಗೆ ಒಂದು ಗುಂಡಿ ಇರುತ್ತದೆ. ಒತ್ತಿದರೆ ಚಾಲೂ, ಮತ್ತೆ ಒತ್ತಿದರೆ ಬಂದ್. ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ನಿಲ್ಲಿಸಲು ಬಿಡಲಿಲ್ಲ ಮೇಡ್ಲೇರಿಯ ಒಬ್ಬ ರೈತರು. ಮೆಣಸಿನ ಬೀಜಕ್ಕೆಂದು ಅಂಗಡಿಗೆ ಬಂದವರು ಮಾತಿನ ಮಧ್ಯೆ ಜೇಬಿನಿಂದ ಫೋನು ತೆಗೆದು ಯಾರಿಗೋ ಒಂದು ರಿಂಗ್ ಕೊಟ್ಟು ಮತ್ತೆ ಜೇಬಿಗಿಟ್ಟರು.

“ಮನಿಗೇನ್ರಿ?” ಎಂದೆ.

“ಮೋಟಾರಿಗ್ರಿ. ಕರೆಂಟ್ ಬಂದೈತಂತ, ಹೊಲದಾಗಿನ ಪಂಪ್ ಚಾಲೂ ಮಾಡಿದ್ನಿ. ಇನ್ನೊಂದ ರಿಂಗ್ ಕೊಟ್ರ ಬಂದ್ ಆಕ್ಕೈತಿ. ಸ್ಟಾರ್ಟರ್ ಡಬ್ಬಿ ಒಳಗ ಸಿಮ್ ಐತಲ್ರಿ.”

ನಾನು ಪೆನ್ನು ಕೆಳಗಿಟ್ಟೆ. ಮೇಡ್ಲೇರಿಯ ಹೊಲದ ಮೋಟಾರು ರಾಣೇಬೆನ್ನೂರಿನಲ್ಲಿ ಕುಳಿತವರ ಮಾತು ಕೇಳುತ್ತದೆ, ನನ್ನ ಮೋಟಾರು ನನ್ನ ಬೆರಳಿಗಾಗಿ ಕಾಯಬೇಕೇ? ಮರುದಿನವೇ ಮೆಕ್ಯಾನಿಕ್ ಬಸವರಾಜನನ್ನು ಕರೆಸಿದೆ. ಅವನು ನಮ್ಮ ಮನೆ ನೋಡಿದ, ಮೋಟಾರು ನೋಡಿದ, ನನ್ನನ್ನೂ ನೋಡಿದ.

“ಸರ, ಇದನ್ನ ಹೊಲಕ್ಕ ಹಾಕಸ್ತಾರ್ರಿ. ನಿಮ್ಮ ಮೋಟಾರ್ ಬಚ್ಚಲದ ಗ್ವಾಡಿ ಹಿಂದ ಐತಿ. ಕೈ ಚಾಚಿದ್ರ ಸಿಗತೈತಿ.”

“ಪ್ರಶ್ನೆ ದೂರದ್ದಲ್ಲಪಾ, ಸೌಕರ್ಯದ್ದು” ಎಂದೆ, ಗಂಭೀರವಾಗಿ.

“ಹಂಗಾರ ಯಾರ್ ಯಾರ ನಂಬರ್ ಸೇರಿಸ್ಲಿ ಹೇಳ್ರಿ. ಅವರ ಫೋನಿಗೆ ಅಷ್ಟ ಮೋಟಾರ್ ಚಾಲೂ ಆಕ್ಕೈತಿ.”

ನನಗೆ ಇದು ಸಣ್ಣತನ ಎನಿಸಿತು. ನಾಳೆ ಗಿರಿಜಾ ತವರಿಗೆ ಹೋದಾಗ ಅವಳ ಫೋನಿನ ಬ್ಯಾಟರಿ ಮುಗಿದರೆ? ಪರರ ಫೋನಿನಿಂದ ಚಾಲೂ ಮಾಡಬೇಕೆನಿಸಿದರೆ? “ಯಾರು ಫೋನ್ ಮಾಡಿದ್ರೂ ಚಾಲೂ ಆಗಬೇಕು. ನೀರಿನ ವಿಷಯದಾಗ ಭೇದಭಾವ ಬ್ಯಾಡ” ಎಂದೆ. ಕರೆಂಟು ಹೋಗಿ ಬಂದರೆ ಮೋಟಾರು ತಾನೇ ಚಾಲೂ ಆಗುವ ಸೌಲಭ್ಯವನ್ನೂ ಹಾಕಿಸಿದೆ. ಡಬ್ಬಿಗೆ ಬೀಗವನ್ನೂ ಹಾಕಿಸಿದೆ. ಸಿಮ್ ಬೇಕೆಂದಾಗ ಹೊಸದನ್ನು ಕೊಳ್ಳಲೂ ಇಲ್ಲ. ನನ್ನ ಫೋನಿನಲ್ಲಿ ಎರಡನೆಯ ಸಿಮ್ ಒಂದು ಸುಮ್ಮನೆ ಕುಳಿತಿತ್ತು. ತೆಗೆದು ಕೊಟ್ಟೆ. ಬಸವರಾಜ ಇನ್ನೊಂದು ಸಲ “ಬ್ಯಾಡ ನೋಡ್ರಿ ಸರ” ಎಂದ. ಜಗತ್ತಿನಲ್ಲಿ ಹೊಸದನ್ನು ಮಾಡಹೊರಟವರಿಗೆಲ್ಲ ಹೀಗೇ ಹೇಳಿದ್ದಾರೆ.

ಆ ಎರಡನೆಯ ಸಿಮ್ಮಿನ ಬಗ್ಗೆ ಒಂದು ಸಣ್ಣ ಸಂಗತಿ ಹೇಳಬೇಕು. ಅದಕ್ಕೂ ಹದಿನೈದು ದಿನ ಮೊದಲು ಗಿರಿಜಾಳ ತಮ್ಮ ಶಿವಾನಂದ ಬ್ಯಾಡಗಿಯಲ್ಲಿ ನಮ್ಮ ವಾಸ್ತುಶಾಂತಿಯ ಕಾರ್ಡು ಅಚ್ಚು ಹಾಕಿಸುತ್ತಿದ್ದ. ನಮ್ಮದು ಹೊಸ ಬಡಾವಣೆ, ಬೋರ್ಡಿಲ್ಲ, ಗುರುತಿಲ್ಲ. “ದಾರಿ ತಿಳಿಯದಿದ್ದಲ್ಲಿ ಸಂಪರ್ಕಿಸಿ” ಎಂದು ಹಾಕಲೇಬೇಕು. “ಯಾವ ನಂಬರ್ ಹಾಕಸ್ಲಿ ಮಾಮಾ?” ಎಂದು ಕೇಳಿದ್ದ. ಪೂಜೆಗೆ ಕುಳಿತಾಗ ನನ್ನ ಮುಖ್ಯ ನಂಬರಿಗೆ ಜನ ಕಾಟ ಕೊಡಬಾರದೆಂದು ನಾನು ಎರಡನೆಯ ನಂಬರನ್ನು ಕೊಟ್ಟಿದ್ದೆ. ಅದೂ ನನ್ನ ಬುದ್ಧಿವಂತಿಕೆಯೇ. ಕಾರ್ಡುಗಳು ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಯಲ್ಲೆಲ್ಲ ಮನೆ ಮನೆಗೆ ಹೋದವು. ನಾನು ಮರೆತೆ.

ವಾಸ್ತುಶಾಂತಿಯ ಹಿಂದಿನ ದಿನ ಟ್ಯಾಂಕರ್ ತರಿಸಿ ತೊಟ್ಟಿ ತುಂಬಿಸಿದೆ. ಸಂಜೆ ಬೀಗರ ಎದುರಿಗೆ ಮೋಟಾರಿಗೆ ಒಂದು ರಿಂಗ್ ಕೊಟ್ಟೆ. ಗುರ್ರ್ ಎಂದಿತು! ಸ್ವಲ್ಪ ಹೊತ್ತಿನ ಮೇಲೆ ಗಿರಿಜಾ ಅಡುಗೆಮನೆಯ ನಳ ತಿರುವಿದಳು. ನೀರು ಬಂತು. ಬಂದ್ ಮಾಡಿದಳು. ಮತ್ತೆ ತಿರುವಿದಳು. ಮತ್ತೆ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದ ಆ ನೋಟ ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ.

ಬೆಳಗ್ಗೆ ಗಂಗೆ ಪೂಜೆ. ಮುತ್ತೈದೆಯರು ತೊಟ್ಟಿಗೆ ಅರಿಸಿನ ಕುಂಕುಮ ಹಚ್ಚಿದರು, ಹೊಸ ಕೊಡದಲ್ಲಿ ನೀರು ತುಂಬಿದರು. ರೇಷ್ಮೆ ಸೀರೆಯುಟ್ಟ ಗಿರಿಜಾ ಕೊಡ ಹೊತ್ತು ಹೊಸ್ತಿಲು ದಾಟುವಾಗ ನಕ್ಕು ಹೇಳಿದಳು: “ಇದ ನನ್ನ ಕಡೀ ಕೊಡ ನೋಡ್ರಿ!”

ನಾವಿಬ್ಬರೂ ಪೂಜೆಗೆ ಕುಳಿತೆವು. ಹಣೆಗೆ ವಿಭೂತಿ, ಕೈಗೆ ಕಂಕಣ. ಅಯ್ಯನವರು ಮೈಕಿನಲ್ಲಿ ಮಂತ್ರ ಶುರು ಮಾಡಿದ್ದರು, ಅಷ್ಟರಲ್ಲಿ ಹೊರಗೆ ಮಳೆ ಸುರಿದಂಥ ಸದ್ದು. ಶಿವಾನಂದ ಓಡಿ ಬಂದ.

“ಮಾಮಾ, ಟ್ಯಾಂಕ್ ತುಂಬಿ ಹರಿಯಾಕತ್ತೈತಿ! ಮೋಟಾರ್ ಯಾರ ಹಚ್ಚ್ಯಾರ?”

ನಾನು ಮುಗುಳ್ನಕ್ಕು ಕುಳಿತಲ್ಲಿಂದಲೇ ಒಂದು ರಿಂಗ್ ಕೊಟ್ಟೆ. ಬಂದ್ ಆಯಿತು. ಇದಕ್ಕೇ ಅಲ್ಲವೇ ವಿಜ್ಞಾನ! ಅಯ್ಯನವರು ಎರಡು ಸಾಲು ಮಂತ್ರ ಹೇಳುವಷ್ಟರಲ್ಲಿ ಮತ್ತೆ ಗುರ್ರ್. ಮತ್ತೆ ರಿಂಗ್ ಕೊಟ್ಟೆ. ಬಂದ್. ಮತ್ತೆ ಗುರ್ರ್. ಈ ಸಲ ಫೋನು ಹಚ್ಚಿದರೆ ಒಬ್ಬ ಹೆಣ್ಣುಮಗಳು ಶುದ್ಧ ಕನ್ನಡದಲ್ಲಿ ಹೇಳಿದಳು: “ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ.”

ನನ್ನ ಮೋಟಾರು ಬೇರೊಂದು ಕರೆಯಲ್ಲಿ ನಿರತವಾಗಿದೆ! ಯಾರೊಂದಿಗೆ?

“ಯಜಮಾನ್ರ, ಫೋನ್ ಕೆಳಗಿಡ್ರಿ. ಸಂಕಲ್ಪ ನಡದೈತಿ” ಎಂದರು ಅಯ್ಯನವರು. ಹಿಂದಿನಿಂದ ಗಿರಿಜಾಳ ತಾಯಿ, “ಜಾಗದಾಗ ಏನೋ ಐತಿ, ನಾ ಮೊದ್ಲ ಹೇಳಿದ್ನಿ” ಎಂದರು. ಅಯ್ಯನವರು ಸಮಾಧಾನ ಹೇಳಿದರು: “ಗಂಗವ್ವ ತಾನಾಗೇ ಉಕ್ಕಾಕತ್ತಾಳ. ಭಾಳ ಚಲೋ ಲಕ್ಷಣ.”

ಚಲೋ ಲಕ್ಷಣ ಮಾಳಿಗೆಯಿಂದ ಗೋಡೆಗುಂಟ ಇಳಿಯುತ್ತಿತ್ತು. ಹೊರಗೋಡೆಗೂ ಒಳಗಿನ ಡಿಸ್ಟೆಂಪರನ್ನೇ ಹೊಡೆಸಿದ್ದು ನನ್ನ ಇನ್ನೊಂದು ಜಾಣತನ. ಅದರ ಕಥೆ ಹೇಳುವ ಅಗತ್ಯವಿಲ್ಲ, ಅದು ಅಂಗಳದಲ್ಲಿ ನೀಲಿಯಾಗಿ ಹರಿಯುತ್ತಿತ್ತು. ರಂಗೋಲಿ ಹೋಯಿತು. ಚಪ್ಪಲಿಗಳು ಒಂದೊಂದಾಗಿ ಗೇಟಿನ ಕಡೆ ಹೊರಟವು.

ಡಬ್ಬಿ ತೆರೆದು ಗುಂಡಿ ಒತ್ತಿದರಾಯಿತು, ಇಲ್ಲವೇ ಸಿಮ್ ಕಿತ್ತರಾಯಿತು ಎಂದಿರಾ? ಡಬ್ಬಿಗೆ ಬೀಗವಿತ್ತು. ಕೀಲಿ ಕಳೆಯಬಾರದೆಂದು ಹಳೆಯ ಬಾಡಿಗೆ ಮನೆಯ ಮೊಳೆಗೆ ಭದ್ರವಾಗಿ ನೇತುಹಾಕಿದ್ದೆ. “ಮೇನ್ ಬಂದ್ ಮಾಡು!” ಎಂದು ಶಿವಾನಂದನಿಗೆ ಸನ್ನೆ ಮಾಡಿದೆ. ಮಾಡಿದ. ಮೋಟಾರು ನಿಂತಿತು, ಮೈಕೂ ನಿಂತಿತು, ಹಿತ್ತಲಲ್ಲಿ ಹೂರಣ ರುಬ್ಬುತ್ತಿದ್ದ ಗ್ರೈಂಡರೂ ನಿಂತಿತು. “ಹೋಳಗಿ ಬೇಕೋ ಬ್ಯಾಡೋ ನಿಮ್ಗ?” ಎಂದು ಅಡುಗೆಯವರು ಕೂಗಿದರು. ಶಿವಾನಂದ ಮತ್ತೆ ಮೇನ್ ಹಾಕಿದ. ಮೈಕು, ಗ್ರೈಂಡರು ಬಂದವು. ಅವುಗಳಿಗಿಂತ ಮೊದಲು ಮೋಟಾರು ಬಂತು, ತಾನೇ ಚಾಲೂ ಆಗುವ ಸೌಲಭ್ಯವಿತ್ತಲ್ಲ!

ಅಂಗಳ ಕೆಸರಾಯಿತು. ಬಂದವರೆಲ್ಲ ಕಾಲು ಕೆಸರು ಮಾಡಿಕೊಂಡರು, ಮರ್ಯಾದಸ್ಥರಾದ್ದರಿಂದ ಕಾಲು ತೊಳೆದುಕೊಂಡೇ ಒಳಗೆ ಬಂದರು. ತೊಟ್ಟಿಯ ನೀರು ಮಾಳಿಗೆಯಿಂದ ಅಂಗಳಕ್ಕೆ ಹೋಯಿತು, ಟ್ಯಾಂಕಿನ ನೀರು ಬೀಗರ ಕಾಲಿಗೆ ಹೋಯಿತು.

ಪೂಜೆ ಮುಗಿದು ನಾನು ಹೊರಗೆ ಬರುವುದಕ್ಕೂ ಹಾವೇರಿಯ ಸೋದರತ್ತೆ ಗೇಟು ದಾಟುವುದಕ್ಕೂ ಸರಿಹೋಯಿತು. ಕೈಯಲ್ಲಿ ಕಾರ್ಡು, ಮುಖದಲ್ಲಿ ಕೆಂಡ.

“ಏನಪಾ, ಮನಿ ಕಟ್ಟಿಸಿದ್ಮ್ಯಾಲೆ ಇಷ್ಟ ಸೊಕ್ಕ? ಬಸ್ ಸ್ಟ್ಯಾಂಡಿನ್ಯಾಗ ನಿಂತ ಎಷ್ಟ ಸಲ ಫೋನ್ ಮಾಡಿದ್ನಿ! ಒಂದ ರಿಂಗಿಗೆ ಕಟ್ ಮಾಡ್ತಿ?”

“ಅತ್ತಿ, ನಿಮ್ಮಾಣಿ, ನನಗೆ ಒಂದೂ ಫೋನ್ ಬಂದಿಲ್ಲ.”

“ನನಗೂ ಹಂಗ ಆತು” ಎಂದರು ಹಿಂದೆ ನಿಂತ ಬ್ಯಾಡಗಿಯವರು. “ನಮಗೂ” ಎಂದರು ಇನ್ನಾರೋ.

“ನೋಡ್ರಿ ಬೇಕಾರ, ನಿಮ್ಮೆದುರಿಗೇ ಹಚ್ಚತೇನಿ” ಎಂದು ಸೋದರತ್ತೆಯ ಕಾರ್ಡು ಇಸಿದುಕೊಂಡೆ. ಎಲ್ಲರೂ ನೋಡುತ್ತಿರುವಂತೆ ಅದರಲ್ಲಿದ್ದ ನಂಬರು ಒತ್ತಿದೆ. ಒಂದು ರಿಂಗ್ ಆಯಿತು. ಕಟ್ ಆಯಿತು.

ಬಚ್ಚಲಿನ ಹಿಂದೆ ಮೋಟಾರು ಗುರ್ರ್ ಎಂದಿತು.

ನಾನು ಮತ್ತೆ ಒತ್ತಿದೆ. ನಿಂತಿತು. ಆಗ ನನಗೆ ಎಲ್ಲವೂ ತಿಳಿಯಿತು. ದುರ್ದೈವವೆಂದರೆ ಉಳಿದವರಿಗೂ ತಿಳಿಯಿತು! ಸರಿಸಂಖ್ಯೆಯಲ್ಲಿ ಫೋನ್ ಮಾಡಿದ ಹಟಮಾರಿಗಳಿಂದ ನಮಗೆ ಏನೂ ತೊಂದರೆಯಾಗಿರಲಿಲ್ಲ. ಒಂದೇ ಸಲ ಮಾಡಿ, ಪಾಪ ಪೂಜೆಯಲ್ಲಿದ್ದಾನೆ ಎಂದು ಸುಮ್ಮನಾದ ಸಭ್ಯಸ್ಥರೇ ನಮ್ಮನ್ನು ಮುಳುಗಿಸಿದ್ದರು.

“ಫೋನಿಗೆ ಮೋಟಾರ್ ಚಾಲೂ ಆಕ್ಕೈತೇನ? ತಡೀರಿ, ನಾ ನೋಡತೇನಿ” ಎಂದರು ಒಬ್ಬರು. ಬಂದವರೆಲ್ಲರ ಕೈಯಲ್ಲೂ ಕಾರ್ಡಿತ್ತು. ನಾನು ಕೈ ಮುಗಿದು ಬೇಡ ಬೇಡ ಎನ್ನುತ್ತಿದ್ದಂತೆ ಸೋದರತ್ತೆಯೂ ಸೇರಿ ಎಲ್ಲರೂ ಒಂದೊಂದು ಸಲ ಪರೀಕ್ಷೆ ಮಾಡಿದರು. ಬರಿದಾದ ತೊಟ್ಟಿಯಲ್ಲಿ ಗಾಳಿಯನ್ನೇ ಎಳೆದೆಳೆದು ಮೋಟಾರು ಕಿರುಚಿತು, ಸುಟ್ಟ ವಾಸನೆ ಬಂತು, ಹೊಗೆ ಬಂತು. ಆಮೇಲೆ ಯಾರು ಎಷ್ಟು ಫೋನ್ ಮಾಡಿದರೂ ಅದು ಅಲುಗಲಿಲ್ಲ.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಗಿರಿಜಾ ತವರಿನವರಿಗೆ ನಳ ತೋರಿಸುತ್ತಿದ್ದಳು. “ನೋಡ್ರಿ, ಹಿಂಗ ತಿರುವಿದ್ರ ಸಾಕು” ಎಂದು ತಿರುವಿದಳು. ನಳ ಸುಸ್ಸ್ ಎಂದು ಉಸಿರು ಬಿಟ್ಟು, ಎರಡು ಹನಿ ಉದುರಿಸಿ ಸುಮ್ಮನಾಯಿತು. ಅವಳು ಬಂದ್ ಮಾಡಿ ಮತ್ತೆ ತಿರುವಿದಳು. ಏನೂ ಇಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ.

ಬೈದಿದ್ದರೆ ಬದುಕುತ್ತಿದ್ದೆ. ಅವಳು ಬೈಯಲಿಲ್ಲ. ಉಡುಗೊರೆಯಾಗಿ ಬಂದ ಸ್ಟೀಲ್ ಕೊಡಗಳ ಸಾಲಿನಿಂದ ಒಂದನ್ನು ತೆಗೆದು, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ದಾಟಿ ಹೊರಗೆ ನಡೆದಳು. ಆ ಗಳಿಗೆಯಲ್ಲಿ ತೊಟ್ಟಿಯಲ್ಲಿ ನೀರಿದ್ದಿದ್ದರೆ ನಾನೇ ಹಾರಿಕೊಳ್ಳುತ್ತಿದ್ದೆ. ಅದಕ್ಕೂ ನೀರಿರಲಿಲ್ಲ!

ಎದುರು ಮನೆಯ ಖಾಸೀಮಸಾಬರು ಆಗಲೇ ತಮ್ಮ ಬೋರ್‌ವೆಲ್ ಗುಂಡಿ ಒತ್ತಿ ಗೇಟಿನಲ್ಲಿ ನಿಂತಿದ್ದರು. “ಬಾ ತಂಗಿ, ಎಷ್ಟ ಬೇಕ ಒಯ್ಯಿ. ಪೈಪ್ ಹಾಕ್ತಿದ್ನಿ, ರಸ್ತಾ ದಾಟಂಗಿಲ್ಲ ಅದು.” ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಸಾಹೇಬ್ರ, ನಾನೂ ನಿಮ್ಮ ಕಾರ್ಡ್ ನೋಡಿ ಫೋನ್ ಮಾಡಿದ್ನಿರಿ. ನೀರ ಹರಿಯಾಕತ್ತೈತಿ ಅಂತ ಹೇಳಾಕ. ಒಂದ ಸಲ.”

ಬೀಗರ ಹೆಂಗಸರೆಲ್ಲ ಒಂದೊಂದು ಉಡುಗೊರೆಯ ಕೊಡ ಎತ್ತಿಕೊಂಡರು. ಜರಿ ಸೀರೆಗಳ ಸಾಲು ರಸ್ತೆ ದಾಟಿ ಹೋಗಿ ಬಂದು, ಹೋಗಿ ಬಂದು ಊಟ ಮುಗಿಯಿತು. ಹೋಳಿಗೆ ಚೆನ್ನಾಗಿತ್ತಂತೆ. ಸಂಜೆ ಎಲ್ಲರೂ ಹೋದ ಮೇಲೆ ಗಿರಿಜಾ ಹೊಸ ಮನೆಯ ಹೊಸ್ತಿಲ ಮೇಲೆ ಕುಳಿತು ಸೊಂಟ ಹಿಡಿದುಕೊಂಡು ಅತ್ತಳು. ನಾನೂ ಪಕ್ಕದಲ್ಲಿ ಕುಳಿತೆ.

“ಇನ್ನ ನಾ ಕೊಡ ಹೊರಾಂಗಿಲ್ಲ ಅಂದಿದ್ನಿ” ಎಂದಳು ಕೊನೆಗೆ.

“ಹೊರಬ್ಯಾಡ” ಎಂದೆ.

ಮೋಟಾರು ಬಸವರಾಜನ ಅಂಗಡಿಯಲ್ಲಿದೆ. ತಂತಿ ಸುತ್ತಿಸಬೇಕಂತೆ. ಕೇಳಿದಾಗಲೆಲ್ಲ “ನಾಳಿ ಬರ್ರಿ ಸರ” ಎನ್ನುತ್ತಾನೆ. ಡಬ್ಬಿಯನ್ನು ಅವನೇ ಇಟ್ಟುಕೊಂಡ. ಸಿಮ್ ಮಾತ್ರ ನನಗೆ ಮರಳಿ ಬಂದು ಮೊದಲಿನಂತೆ ನನ್ನ ಫೋನಿನಲ್ಲೇ ಕುಳಿತಿದೆ.

ಸುಮ್ಮನೆ ಕುಳಿತಿಲ್ಲ. ದಿನಾ ಮುಂಜಾನೆ ಅಡುಗೆಮನೆಯಿಂದ ಆ ನಂಬರಿಗೆ ಒಂದು ರಿಂಗ್ ಬರುತ್ತದೆ. ನಾನು ಎದ್ದು, ಕೊಡ ಎತ್ತಿಕೊಂಡು ಖಾಸೀಮಸಾಬರ ಗೇಟಿನ ಕಡೆ ಹೊರಡುತ್ತೇನೆ. ಇನ್ನೊಂದು ರಿಂಗ್ ಬರುವವರೆಗೆ ನಿಲ್ಲುವಂತಿಲ್ಲ.