ಚೆನ್ನಪ್ಪನ ಹೂಜಿ ನೋಡಲು ಬಂದವರು

ತೊಂದರೆ ಶುರುವಾದದ್ದು ಒಂದು ಪೋಸ್ಟ್ ಕಾರ್ಡಿನಿಂದ. ಕವರಿನಲ್ಲಿ ಬಂದಿದ್ದರೆ ಚೆನ್ನಪ್ಪನೊಬ್ಬನೇ ಓದುತ್ತಿದ್ದ. ಕಾರ್ಡಾದ್ದರಿಂದ ಎದುರುಮನೆಯ ನಿವೃತ್ತ ಗುಮಾಸ್ತ ಬೂಬಣ್ಣ ಮೊದಲು ಓದಿದರು, ಆಮೇಲೆ ಪಕ್ಕದ ಮನೆಯ ಒಲಿಂಡಾ ಬಾಯಿಗೆ ಓದಿ ಹೇಳಿದರು, ಕೊನೆಗೆ ಚೆನ್ನಪ್ಪನಿಗೆ ಕೊಟ್ಟರು. ಬೊಂಬಾಯಿಯ ಒಂದು ಕಲಾ ಗ್ಯಾಲರಿಯವರು ಬರೆದಿದ್ದರು: ಶನಿವಾರ ಮಧ್ಯಾಹ್ನದೊಳಗೆ ನಮ್ಮ ಕಡೆಯವರು ಬಂದು ನಿಮ್ಮ ನಲವತ್ತು ಹೂಜಿಗಳನ್ನು ನೋಡುತ್ತಾರೆ, ಹಿಡಿಸಿದರೆ ಎಲ್ಲವನ್ನೂ ಪ್ರದರ್ಶನಕ್ಕಿಡುತ್ತೇವೆ. ಬರುವವರ ಹೆಸರಿರಲಿಲ್ಲ.

ಕಾಪುವಿನ ಚೆನ್ನಪ್ಪ ಬರೋಡದಲ್ಲಿ ಮಣ್ಣಿನ ಕಲೆ ಕಲಿತವನು. ಬಹರೈನ್‌ನಲ್ಲಿದ್ದ ರೊಸಾರಿಯೊ ಎಂಬವರ ಪರ್ಕಳದ ಮನೆಯನ್ನು ಬಾಡಿಗೆಗೆ ಹಿಡಿದು, ಹಿತ್ತಿಲಲ್ಲಿ ಹೂಜಿ ಸುಡುವ ಆವಿಗೆ ಕಟ್ಟಿ ಮೂರು ವರ್ಷವಾಗಿತ್ತು. ಅವನ ಹೂಜಿಗಳ ಕತ್ತು ಒಂದು ಬದಿಗೆ ವಾಲಿರುತ್ತಿತ್ತು, ಇಗರ್ಜಿಯಲ್ಲಿ ಪ್ರವಚನ ಕೇಳುತ್ತ ತೂಕಡಿಸುವವರ ಹಾಗೆ. ಅದು ಬೇಕೆಂದೇ ಮಾಡಿದ್ದು ಎಂದರೆ ಕೇರಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬುವವರೊಬ್ಬರು ಮೊದಲ ಸಲ ಬರುತ್ತಿದ್ದರು.

ಶನಿವಾರ ಬೆಳಿಗ್ಗೆ ಒಲಿಂಡಾ ಬಾಯಿ ಕೇಳದೆಯೇ ಅವನ ಅಂಗಳ ಗುಡಿಸಿ, ಅತಿಥಿಗೆಂದು ಕಾಣೆ ಮೀನು ಕಾಯಿಸತೊಡಗಿದರು. ಬೂಬಣ್ಣ ಒಳಗೆ ಹೋಗಿ, ವಾಲಿದ್ದು ಕಾಣದಂತೆ ನಲವತ್ತೂ ಹೂಜಿಗಳ ಕತ್ತನ್ನು ಗೋಡೆಯ ಕಡೆಗೆ ತಿರುಗಿಸಿದರು. ಚೆನ್ನಪ್ಪ ಮತ್ತೆ ಈಚೆ ತಿರುಗಿಸಿದ. ಅವನು ಕಸ ಎಸೆಯಲು ಹೋದಾಗ ಅವು ಮತ್ತೊಮ್ಮೆ ಗೋಡೆ ನೋಡಿದವು. ಎರಡನೆಯ ಸಲ ಸರಿಪಡಿಸಿ ಅವನು ಸ್ನಾನಕ್ಕೆ ಹೋದ. ಕಿವಿಯೊಳಗಿನ ಮಣ್ಣು ಹೋಗಲು ಅರ್ಧ ಗಂಟೆ ಹಿಡಿಯಿತು.

ಹನ್ನೊಂದೂವರೆಗೆ ಇಸ್ತ್ರಿ ಮಾಡಿದ ಬುಷ್‌ಶರ್ಟಿನ ಗೃಹಸ್ಥರೊಬ್ಬರು ಬಂದರು. ರೊಸಾರಿಯೊ ಅವರ ಮನೆ ಇದೇ ತಾನೆ, ನೋಡಿ ಹೋಗೋಣವೆಂದು ಬಂದೆ ಎಂದರು. ಕನ್ನಡ ಕೇಳಿ ಚೆನ್ನಪ್ಪ ಬೆರಗಾದ. ಬೊಂಬಾಯಿ ತುಂಬ ನಮ್ಮವರೇ ಇರುವುದು ಎಂದು ಬೂಬಣ್ಣ ಅವನ ಕಿವಿಯಲ್ಲಿ ಹೇಳಿದರು.

ಅತಿಥಿ ಅವಸರ ಮಾಡಲಿಲ್ಲ. ಕಪಾಟಿನ ಹತ್ತಿರ ನಿಂತರು, ಬಗ್ಗಿದರು, ಬೆರಳಿನಿಂದ ಕುಟ್ಟಿ ಸದ್ದು ಕೇಳಿದರು. ತಿಳಿದವರೇ ಎಂದು ಚೆನ್ನಪ್ಪನಿಗೆ ಖುಷಿಯಾಯಿತು.

"ಬಿರುಕು ಎಂತಾದರೂ?"

"ಒಂದೂ ಇಲ್ಲ ಸರ್."

"ಸೋರುವುದಿಲ್ಲ ಅಲ್ವಾ?"

"ಒಂದು ಹನಿಯೂ ಇಲ್ಲ. ಮೂರು ವರ್ಷದಿಂದ ನೋಡುತ್ತಿದ್ದೇನೆ."

ಹಿಂದಿನ ಬಾಗಿಲಲ್ಲಿ ಆವಿಗೆ ಕಂಡು ಅತಿಥಿಯ ಮುಖ ಸ್ವಲ್ಪ ಚಿಕ್ಕದಾಯಿತು. ಕೂಡಲೇ ಬೂಬಣ್ಣ ಮುಂದೆ ಬಂದು, ಹೊಗೆ ಎಂಬುದೇ ಇಲ್ಲ, ಬಾವಿಯ ನೀರು ಮೇ ತಿಂಗಳಲ್ಲೂ ಬತ್ತುವುದಿಲ್ಲ, ಇಂಥ ಒಳ್ಳೆಯ ಜಾಗ ಮಣಿಪಾಲದಲ್ಲೂ ಸಿಗಲಿಕ್ಕಿಲ್ಲ ಎಂದೆಲ್ಲ ಹೊಗಳಿದರು. ಒಲಿಂಡಾ ಬಾಯಿ ಎರಡು ಕಾಣೆ ಬಡಿಸಿದರು, ಮೂರನೆಯದನ್ನು ಒತ್ತಾಯ ಮಾಡಿ ತಿನ್ನಿಸಿದರು.

ಕೈ ತೊಳೆದು ಬಂದ ಅತಿಥಿ ಬಹಳ ಹಿಡಿಸಿತು ಎಂದರು.

"ಎಲ್ಲವೂ?" ಚೆನ್ನಪ್ಪ ಕೇಳಿದ.

"ಎಲ್ಲವೂ. ನೆರೆಕರೆಯವರಂತೂ ಚಿನ್ನದಂಥವರು. ನನಗೆ ಮಣಿಪಾಲಕ್ಕೆ ವರ್ಗವಾಗಿದೆ, ಒಂದನೇ ತಾರೀಕಿಗೆ ಸಂಸಾರ ಕರೆದುಕೊಂಡು ಬರುತ್ತೇನೆ. ಅಷ್ಟರೊಳಗೆ ಈ ಹೂಜಿಗಳನ್ನೆಲ್ಲ ತೆಗೆದು ಖಾಲಿ ಮಾಡುತ್ತೀರಿ ಅಲ್ವಾ?"

ಅವರು ಜೇಬಿನಿಂದ ರೊಸಾರಿಯೊ ಬರೆದ ಕಾಗದ ತೆಗೆದು ಕೊಟ್ಟರು. ಮನೆಯನ್ನು ಈ ಗೆಳೆಯನಿಗೆ ಕೊಡುವುದಾಗಿ ಮಾತಾಗಿದೆ, ದಯವಿಟ್ಟು ಈ ತಿಂಗಳೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದಿತ್ತು.

ಅವರು ಹೋದ ಮೇಲೆ ಚೆನ್ನಪ್ಪ ಮೆಟ್ಟಿಲ ಮೇಲೆ ಕುಳಿತ. ಬೂಬಣ್ಣ ಯಾವುದೋ ಕೆಲಸ ನೆನಪಾಗಿ ಮನೆಗೆ ಹೋದರು. ಮನೆ ಹೋದರೆ ಹೋಗಲಿ, ಗ್ಯಾಲರಿಯವರಿಗೆ ಹಿಡಿಸಿದರೆ ಇನ್ನೆಲ್ಲಾದರೂ ಆವಿಗೆ ಕಟ್ಟಬಹುದು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಂದಾದ ಮೇಲೊಂದು ಬಸ್ಸು ಬಂದು ಹೋಯಿತು. ಯಾರೂ ಇಳಿಯಲಿಲ್ಲ. ಐದು ಗಂಟೆಯಾಯಿತು.

ಒಲಿಂಡಾ ಬಾಯಿ ಚಾ ತಂದು ಪಕ್ಕದಲ್ಲಿಟ್ಟು, ಅವನನ್ನು ನೋಡಿ ಮರುಗಿದರು.

"ಬೇಸರ ಮಾಡಬೇಡ ಮಾರಾಯ. ನಿನ್ನ ಹೂಜಿ ಕೇಳುವವರು ಇದ್ದಾರೆ. ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಬೊಂಬಾಯಿಯ ಒಂದು ಹುಡುಗಿ ಚೀಲ ಹಾಕಿಕೊಂಡು ಬಂದು ಕೇಳಿದಳು. ಇವತ್ತು ಇಲ್ಲಿಗೆ ದೊಡ್ಡ ಜನ ಬರಲಿಕ್ಕುಂಟು, ಅವನಿಗೆ ಪುರುಸೊತ್ತಿಲ್ಲ ಎಂದು ಹೇಳಿ ನಾನೇ ಬಸ್ಸು ಹತ್ತಿಸಿ ಬಂದೆ."