ಮೇಜು ಗುದ್ದಿದ ಕೈ

ಬೆಳಗ್ಗೆ ಒಂಬತ್ತೂಕಾಲಿಗೆ ಸರ್ಕಾರ ತೆರಿಗೆ ಕಡಿತವನ್ನು ವಾಪಸ್ ಪಡೆಯಿತು. ಒಂಬತ್ತೂವರೆಗೆ ಬಂಗಾರಪೇಟೆ ಬಸ್ ನಿಲ್ದಾಣದ ಎದುರಿನ ಸರ್ಕಲ್ಲಿನಲ್ಲಿ ಕ್ರೇನ್ ಬಂದು ನಿಂತಿತು. ಈ ಎರಡರ ನಡುವೆ ಸಿಕ್ಕಿಕೊಂಡವನು ಕಾಂತರಾಜ್.

ಮೂರು ವಾರದ ಹಿಂದೆ ಸರ್ಕಾರ ದುಬಾರಿ ಕಾರುಗಳ ಮೇಲಿನ ತೆರಿಗೆಯನ್ನು ಇಳಿಸಿತ್ತು. ಅದರಿಂದ ಖಜಾನೆಗೆ ಬಿದ್ದ ತೂತು ಮುಚ್ಚಲು ಹಾಲು ಉತ್ಪಾದಕರಿಗೆ ಕೊಡುತ್ತಿದ್ದ ಪ್ರೋತ್ಸಾಹಧನವನ್ನು ಕತ್ತರಿಸಿತ್ತು. ತಾಲ್ಲೂಕಿನಲ್ಲಿ ಅಂಥ ಕಾರು ಇದ್ದದ್ದು ಒಂದೇ, ಅದು ಶಾಸಕ ಅನಿರುದ್ಧ ಅವರದು. ಹಸುಗಳು ಎಷ್ಟಿದ್ದವೆಂದು ಯಾರೂ ಎಣಿಸಿರಲಿಲ್ಲ. ಎಣಿಸಿದ್ದರೆ ಸರ್ಕಾರ ಆ ತಪ್ಪು ಮಾಡುತ್ತಿರಲಿಲ್ಲ.

ಕಾಂತರಾಜ್ ಶಾಸಕರ ಕಾರ್ಯಕರ್ತ. ಮದುವೆ ಕಾಲದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದ, ಉಳಿದ ಕಾಲದಲ್ಲಿ ಜೈಕಾರ ಹಾಕುತ್ತಿದ್ದ. ಅವನಿಗೆ ಬೇಕಿದ್ದದ್ದು ಒಂದೇ. ಸರ್ಕಾರಿ ಜಮೀನು ಉಳುವ ಬಡವರ ಅರ್ಜಿ ನೋಡುವ ತಾಲ್ಲೂಕು ಬಗರ್ ಹುಕುಂ ಸಮಿತಿಯಲ್ಲಿ ಒಂದು ಸದಸ್ಯ ಸ್ಥಾನ ಖಾಲಿ ಇತ್ತು. ಆ ಕುರ್ಚಿಯಲ್ಲಿ ಕೂತವನಿಗೆ ತಹಶೀಲ್ದಾರರೇ ನಮಸ್ಕಾರ ಹೇಳುತ್ತಾರೆ, ಮಾವನ ಮನೆಯಲ್ಲಿ ಎರಡನೇ ಸಲ ಬಡಿಸುತ್ತಾರೆ. ಹೆಸರು ಸೂಚಿಸಬೇಕಾದವರು ಶಾಸಕರು. ಅವರು ಹೋದ ವಾರ ಹೇಳಿದ್ದರು: “ಈ ತೆರಿಗೆ ಇಳಿಸಿದ್ದಕ್ಕೆ ನಂಗೊಂದು ಸನ್ಮಾನ ಇಡು ಕಾಂತ. ಆಪಲ್ ಹಾರ ಇರ್ಬೇಕು, ಟಿವಿಯವ್ರು ಬರ್ಬೇಕು. ಸ್ಟೇಜ್ ಮೇಲೇ ಹೆಸರು ಅನೌನ್ಸ್ ಮಾಡ್ತೀನಿ.”

ಹಾಗಾಗಿ ಆ ಶನಿವಾರ ವೇದಿಕೆ ಸಿದ್ಧವಾಗಿತ್ತು, ಕುರ್ಚಿಗಳು ಸಾಲಾಗಿ ಕೂತಿದ್ದವು, ಎರಡು ಆಳೆತ್ತರದ ಆಪಲ್ ಹಾರ ಲಗೇಜ್ ಆಟೊದಲ್ಲಿ ಹೆಬ್ಬಾವಿನಂತೆ ಸುತ್ತಿಕೊಂಡು ಮಲಗಿತ್ತು. ರಸ್ತೆಗೆ ಅಡ್ಡಲಾಗಿ ಕಟ್ಟಿದ ಫ್ಲೆಕ್ಸ್ ಮೇಲೆ “ತೆರಿಗೆ ಇಳಿಸಿದ ಭಗೀರಥ ಅನಿರುದ್ಧಣ್ಣನವರಿಗೆ ಅಭಿನಂದನೆ” ಎಂದಿತ್ತು. ಕೆಳಗೆ ಬಲಮೂಲೆಯಲ್ಲಿ ಕಾಂತರಾಜ್ ಕೈಮುಗಿದು ನಗುತ್ತಿದ್ದ.

“ಲೇ ಕಾಂತ, ಬಾರ್ಲಾ ಇಲ್ಲಿ,” ಎಂದು ಟೀ ಅಂಗಡಿ ಸೀನಪ್ಪ ಕೂಗಿದರು. ಅವರ ಅಂಗಡಿಯ ಟಿವಿ ಊರಿಗೆಲ್ಲ ಕೇಳುವಷ್ಟು ಜೋರಾಗಿತ್ತು. “ಸರ್ಕಾರ ಕಡಿತ ವಾಪಸ್ ತಗಂಡೈತೆ. ಹಾಲಿನ ದುಡ್ಡೂ ಮತ್ತೆ ಕೊಡ್ತಾರಂತೆ. ಹಣಕಾಸು ಮಂತ್ರಿ ರಾಜೀನಾಮೆ ಕೊಟ್ಟವ್ನೆ. ನಿನ್ ಭಗೀರಥ ಏನ್ ಮಾಡ್ತಾನೆ ಈಗ?”

ಕಾಂತರಾಜ್ ಟಿವಿ ನೋಡಿದ. ಬಾಯಿಯಲ್ಲಿದ್ದ ಬನ್ನು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

“ಕೋಲಾರ ಸೀಮೇಲಿದ್ಕಂಡು ಆಪಲ್ ಯಾಕೆ ತಂದ್ಯೋ,” ಎಂದು ಸೀನಪ್ಪ ಮುಂದುವರಿಸಿದರು. “ಟೊಮ್ಯಾಟೊ ಹಾರ ಮಾಡಿಸಿದ್ರೆ ಹಾಕೋಕೂ ಆಗೋದು, ಎಸೆಯೋಕೂ ಆಗೋದು.”

ಶಾಸಕರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಕಡಿತಕ್ಕೆ ಮೇಜು ಕುಟ್ಟಿ ಸ್ವಾಗತಿಸಿದ್ದ ಶಾಸಕರೆಲ್ಲರ ಫೋನೂ ಆ ಬೆಳಗ್ಗೆ ಸ್ವಿಚ್ ಆಫ್ ಆಗಿದ್ದವೆಂದು ಟಿವಿಯವಳೂ ಹೇಳಿದಳು. ಅಷ್ಟರಲ್ಲಿ ಕಾಂತರಾಜನ ಹೆಂಡತಿ ಕಲಾಳ ಫೋನ್ ಬಂತು.

“ರೀ, ನಾನು ಹೊರಟೆ.”

“ಬರ್ಬೇಡ ಕಣೇ. ಸರ್ಕಾರ ಕಡಿತ ವಾಪಸ್ ತಗಂಡೈತೆ.”

“ಅವ್ರು ವಾಪಸ್ ತಗಂಡ್ರೆ ನಾನು ಇಸ್ತ್ರಿ ಮಾಡ್ಸಿದ್ ಸೀರೆ ಮಡಿಚಿಡ್ಬೇಕಾ? ನಮ್ಮಮ್ಮಂಗೂ ಏಳಿದ್ದೀನಿ. ಬತ್ತೀವಿ.”

ಈಗ ಮಾಡಬೇಕಾದ ಮೊದಲ ಕೆಲಸ ಫ್ಲೆಕ್ಸ್ ಇಳಿಸುವುದು. ಕಂಬ ಎತ್ತರ, ಏಣಿ ಗಿಡ್ಡ. ಕಾಂತರಾಜ್ ಕ್ರೇನಿನವನ ಕಡೆ ಓಡಿದ. ಅವನು ಕೆಜಿಎಫ್‌ನ ಸೆಲ್ವರಾಜ್, ತಮಿಳು ಬೆರೆಸಿ ಮಾತಾಡುವವನು. ಆಗಲೇ ಹಾರವನ್ನು ಕೊಕ್ಕೆಗೆ ಸಿಕ್ಕಿಸಿ ಆಕಾಶಕ್ಕೆ ಎತ್ತಿದ್ದ.

“ಸೆಲ್ವ, ಹಂಗೇ ತಿರುಗ್ಸಿ ಆ ಫ್ಲೆಕ್ಸ್ ಸ್ವಲ್ಪ ಕಿತ್ತಾಕಪ್ಪಾ.”

“ಅಣ್ಣೆ, ಇದು ಕ್ರೇನು. ಕತ್ತರಿ ಇಲ್ಲೆ.”

“ಬರೀ ಮೇಲಿನ ಸಾಲು ಹೋದ್ರೆ ಸಾಕು. ‘ತೆರಿಗೆ ಇಳಿಸಿದ ಭಗೀರಥ’ ಅನ್ನೋದು.”

“ಸಾಲು ನೋಡಿ ಕೀಳೋಕೆ ನಾನೇನು ಕನ್ನಡ ಮೇಷ್ಟ್ರಾ? ಸರಿ, ಮಾಡ್ತೀನಿ, ದೂರ ತಳ್ಳಿ ನಿಲ್ಲು.”

ಕ್ರೇನಿನ ತೋಳು ತಿರುಗಿತು. ಹಾರ ತೂಗಿತು. ತೂಗಿದ ಹಾರ ಫ್ಲೆಕ್ಸಿಗೆ ಅಪ್ಪಳಿಸಿ, ಸಿಕ್ಕಿಕೊಂಡು, ಬಿಡಿಸಿಕೊಂಡು ಹಿಂದಕ್ಕೆ ಬಂತು. ಮೇಲಿನ ಸಾಲು ಹರಿದದ್ದು ನಿಜ. ಜೊತೆಗೆ ಕೆಳಗಿನ ಬಲಮೂಲೆಯೂ ಹರಿಯಿತು. “ಅನಿರುದ್ಧಣ್ಣನವರಿಗೆ ಅಭಿನಂದನೆ” ಎಂಬುದಷ್ಟೇ ಮೇಲೆ ಉಳಿಯಿತು. ಕಾಂತರಾಜನ ಮುಗಿದ ಕೈಗಳು ಅಲ್ಲೇ ನೇತಾಡುತ್ತಿದ್ದವು, ನಗುಮುಖ ಮಾತ್ರ ಚರಂಡಿಯಲ್ಲಿ ತೇಲುತ್ತ ಮಾರ್ಕೆಟ್ ಕಡೆ ಹೊರಟಿತು.

“ಓಡೋಗಿ ಹಿಡ್ಕಳ್ಲಾ ಅದನ್ನ,” ಎಂದು ಸೀನಪ್ಪ ಅಂಗಡಿಯಿಂದಲೇ ಸಲಹೆ ಕೊಟ್ಟರು.

ಹಿಡಿದುಕೊಳ್ಳಲು ಸಮಯವಿರಲಿಲ್ಲ. ಬೂದಿಕೋಟೆ ರಸ್ತೆಯಿಂದ ನಾಲ್ಕು ಟೆಂಪೊಗಳು ಬಂದು ನಿಂತವು. ಇಳಿದವರು ಹಾಲು ಉತ್ಪಾದಕರ ಮಹಿಳಾ ಸಂಘದವರು. ಮುಂದೆ ಸಂಘದ ಅಧ್ಯಕ್ಷೆ ಮುನಿರತ್ನಮ್ಮ. ಹಿಂದೆ ಇಬ್ಬರು ಹೊತ್ತು ತಂದದ್ದು ಶಾಸಕರ ಪ್ರತಿಕೃತಿ. ರಾಗಿ ಹುಲ್ಲು ತುಂಬಿ, ಹಳೇ ಪ್ಯಾಂಟು ತೊಡಿಸಿ, ಕೂಲಿಂಗ್ ಗ್ಲಾಸ್ ಹಾಕಿದ್ದರು. ಅಸಲಿಗಿಂತ ಲಕ್ಷಣವಾಗಿತ್ತು.

ಕಾಂತರಾಜ್ ಕೈಮುಗಿದ. “ಮುನಿರತ್ನಕ್ಕಾ, ನೀವು ಗೆದ್ದಾಯ್ತಲ್ಲ. ಟಿವೀಲಿ ಬಂತು. ಇನ್ನ ಯಾಕೆ ಸುಡೋದು?”

“ಗೆದ್ದಿದ್ದು ಗೊತ್ತು ಕಣಪ್ಪಾ. ಅದುಕ್ಕೇ ಪಟಾಕಿನೂ ತಂದಿದ್ದೀವಿ.” ಮುನಿರತ್ನಮ್ಮನ ಮುಖ ಆಗ ತಾನೇ ತೊಳೆದ ಹಾಲಿನ ಕ್ಯಾನಿನಂತೆ ಹೊಳೆಯುತ್ತಿತ್ತು. “ಮೊದ್ಲು ಇವನ್ನ ಸುಡ್ತೀವಿ, ಆಮೇಲೆ ಪಟಾಕಿ ಒಡೀತೀವಿ. ಗೆದ್ವಿ ಅಂತ ಸುಮ್ಕಾದ್ರೆ ಮುಂದಿನ್ ತಿಂಗ್ಳು ಮತ್ತೆ ಇಳಿಸ್ತಾರೆ.”

ಇಬ್ಬರು ಟಿವಿ ವರದಿಗಾರರು ಆಗಲೇ ಕ್ಯಾಮೆರಾ ಎತ್ತಿದ್ದರು. ಶಾಸಕರ ಪ್ರತಿಕೃತಿ ಅವರದೇ ಅಭಿನಂದನಾ ಫ್ಲೆಕ್ಸಿನ ಕೆಳಗೆ, ತಾನೇ ಹಾಕಿಸಿದ ಶಾಮಿಯಾನದ ಮುಂದೆ ಉರಿಯುವ ಚಿತ್ರ ಕಾಂತರಾಜನ ಕಣ್ಣಿಗೆ ಕಟ್ಟಿತು. ಆ ಬೆಂಕಿಯಲ್ಲಿ ಬಗರ್ ಹುಕುಂ ಕುರ್ಚಿಯೂ ಉರಿಯುತ್ತಿತ್ತು. ಬಾಯಿಗೆ ಬಂದದ್ದನ್ನು ಅವನು ಹೇಳಿಬಿಟ್ಟ.

“ಅಕ್ಕಾ, ಕಡಿತ ವಾಪಸ್ ತಗಸಿದ್ದೇ ನಮ್ಮಣ್ಣ!”

ಹೆಂಗಸರು ಪ್ರತಿಕೃತಿಯನ್ನು ಕೆಳಗಿಟ್ಟರು. ಸೆಲ್ವರಾಜ್ ಕ್ರೇನಿನ ಇಂಜಿನ್ ಆಫ್ ಮಾಡಿ ಕಿವಿಗೊಟ್ಟ.

“ಒಳಗೊಳಗೇ ಹೋರಾಡಿದ್ರು ಅಕ್ಕಾ. ಪಾರ್ಟಿ ಮೀಟಿಂಗ್ನಲ್ಲಿ, ‘ನಮ್ ತಾಯಂದ್ರ ಆಲಿನ ಕಾಸಿಗೆ ಕೈ ಆಕ್ಬೇಡಿ’ ಅಂತ ಮೇಜು ಗುದ್ದಿದ್ರು.”

“ಮೊನ್ನೆ ತೆರಿಗೆ ಇಳಿದಾಗ ಇದೇ ಸರ್ಕಲ್ನಲ್ಲಿ ಮೈಸೂರು ಪಾಕ್ ಅಂಚಿದ್ದು ಯಾರು?” ಎಂದು ಮುನಿರತ್ನಮ್ಮ ಕೇಳಿದರು. “ನೀನೇ ಅಲ್ವಾ? ನಂಗೇ ಎರಡು ಕೊಟ್ಟೆ.”

“ಅದು… ಸರ್ಕಾರಕ್ಕೆ ಅನುಮಾನ ಬರಬಾರ್ದು ಅಂತ.”

ಮುನಿರತ್ನಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಾಲಿಗೆ ನೀರು ಬೆರೆಸಿದವರನ್ನು ಸಂಘದಲ್ಲಿ ಅವರು ನೋಡುತ್ತಿದ್ದುದೂ ಹಾಗೇ. “ಸರಿ. ಅವ್ನೇ ಬಂದು ನಮ್ಮುಂದೆ ನಿಂತು ಈ ಮಾತು ಏಳ್ಲಿ. ಏಳಿದ್ರೆ ಸುಡಲ್ಲ. ಊಟದ ಒತ್ತಿಗೆ ಬರ್ಲಿಲ್ಲ ಅಂದ್ರೆ ಬೆಂಕಿ ಇಕ್ತೀವಿ.”

ಕಾಂತರಾಜ್ ಶಾಮಿಯಾನದ ಹಿಂದೆ ಹೋಗಿ ಶಾಸಕರ ಡ್ರೈವರ್ ಪೆರುಮಾಳ್‌ಗೆ ಫೋನ್ ಹಚ್ಚಿದ. ಪೆರುಮಾಳ್ ಎತ್ತಿದ, ಪಿಸುಗುಟ್ಟಿದ, ಶಾಸಕರಿಗೆ ಕೊಟ್ಟ. ಅವರು ಕೆಜಿಎಫ್‌ನಲ್ಲಿ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಹಿಂದೆ ಕಾರು ನಿಲ್ಲಿಸಿಕೊಂಡು ಕೂತಿದ್ದರು.

“ಎಷ್ಟು ಜನ ಅವ್ರೆ ಕಾಂತ?”

“ಸರ್ಕಲ್ ತುಂಬ್ಬಿಟ್ಟೈತೆ ಅಣ್ಣಾ.”

“ಹೊಡೀತಾರಾ?”

“ಇಲ್ಲ ಅಣ್ಣಾ, ಹಾರ ಹಾಕ್ತಾರೆ. ಕಡಿತ ವಾಪಸ್ ತಗಸಿದ್ದು ನೀವೇ ಅಂತ ಏಳ್ಬಿಟ್ಟಿದ್ದೀನಿ.”

“ನಾನಾ?”

“ಹೌದು. ಮೀಟಿಂಗ್ನಲ್ಲಿ ಮೇಜು ಗುದ್ದಿದ್ರಿ.”

ಆ ಕಡೆ ಪೆರುಮಾಳ್‌ಗೆ ಗಾಜು ಏರಿಸು ಎಂದದ್ದು ಕೇಳಿಸಿತು. ಆಮೇಲೆ ಶಾಸಕರು ಕೇಳಿದರು: “ಯಾವ ಕೈಲಿ?”

ಕಾಂತರಾಜ್ ಅದನ್ನು ಯೋಚಿಸಿರಲಿಲ್ಲ. “ಬಲಗೈ ಅಣ್ಣಾ.”

“ಬತ್ತೀನಿ ಇರು. ದಾರೀಲಿ ಒಂದು ಮೆಡಿಕಲ್ ಸ್ಟೋರ್ ನೋಡ್ಕಂಡ್ ಬತ್ತೀನಿ.”

ಊಟದ ಹೊತ್ತಿಗೆ ಸ್ವಲ್ಪ ಮೊದಲು ಶಾಸಕರ ಕಾರು ಸರ್ಕಲ್ಲಿಗೆ ಬಂತು. ಬಾಗಿಲು ತೆರೆಯಿತು. ಮೊದಲು ಹೊರಬಂದದ್ದು ಬಲಗೈ. ಬೆರಳ ತುದಿಯಿಂದ ಮೊಣಕೈವರೆಗೆ ಬಿಳಿ ಬ್ಯಾಂಡೇಜ್ ಸುತ್ತಿ, ಕತ್ತಿಗೆ ಜೋಲಿ ಕಟ್ಟಿ ಇಳಿಬಿಟ್ಟಿದ್ದರು. ಅದರ ಹಿಂದೆ ನೋವಿನ ಮುಖ ಮಾಡಿಕೊಂಡು ಶಾಸಕರು ಇಳಿದರು. ಮೇಜು ಗುದ್ದಿದವರಿಗಿಂತ ಮೇಜಿನ ಕೆಳಗೆ ಸಿಕ್ಕಿಕೊಂಡವರಂತೆ ಕಾಣುತ್ತಿದ್ದರು.

“ಅಯ್ಯೋ ನಮ್ಮಪ್ಪಾ!” ಎಂದು ಹೆಂಗಸರ ಗುಂಪಿನಿಂದ ಒಂದು ದನಿ ಎದ್ದಿತು. “ನಮ್ ಆಲಿಗೋಸ್ಕರ ಕೈ ಮುರ್ಕಂಡವ್ನಲ್ಲಾ!”

ಆಮೇಲೆ ಏನು ನಡೆಯಿತೋ ಅದನ್ನು ಯಾರೂ ತಡೆಯುವಂತಿರಲಿಲ್ಲ. ಪಟಾಕಿ ಸಿಡಿಯಿತು, ಬಸ್ಸುಗಳು ಹಾರ್ನ್ ಹೊಡೆದವು. ಇಬ್ಬರು ಹೆಂಗಸರು ಪ್ರತಿಕೃತಿಯ ಪ್ಯಾಂಟು ಬಿಚ್ಚಿ, ದಂಡವಾಗಬಾರದೆಂದು ಹುಲ್ಲನ್ನು ಟೆಂಪೊಗೆ ತುಂಬಿದರು. ಸೆಲ್ವರಾಜ್ ಇಂಜಿನ್ ಚಾಲೂ ಮಾಡಿ ಹಾರವನ್ನು ಶಾಸಕರ ತಲೆಯ ಮೇಲೆ ಇಳಿಸಿದ. ಜನ ಆಪಲ್‌ಗಳಿಗೆ ಕೈಹಾಕಿದರು, ಎರಡೇ ನಿಮಿಷದಲ್ಲಿ ಹಾರದಲ್ಲಿ ದಾರ ಮಾತ್ರ ಉಳಿಯಿತು. ಸೀನಪ್ಪ ಕೂಡ ಅಂಗಡಿ ಬಿಟ್ಟು ಬಂದು ನಾಲ್ಕು ಹಣ್ಣು ಪಂಚೆಗೆ ಕಟ್ಟಿಕೊಂಡರು. ಕಲಾ ಇಸ್ತ್ರಿ ಸೀರೆಯಲ್ಲಿ ತನ್ನ ತಾಯಿಯ ಕೈಹಿಡಿದು ಮುಂದಿನ ಸಾಲಿನಲ್ಲಿ ಕೂತಳು. ಕಾಂತರಾಜನ ಎದೆ ಉಬ್ಬಿತು. ಬೆಳಗ್ಗೆ ಚರಂಡಿಯಲ್ಲಿ ಹೋದ ಮುಖ ಮತ್ತೆ ಕತ್ತಿನ ಮೇಲೆ ಬಂದು ಕೂತಿತ್ತು.

ಶಾಸಕರು ಮೈಕ್ ಹಿಡಿದರು. ಎಡಗೈಯಲ್ಲಿ.

“ತಾಯಂದ್ರೇ, ಇದು ನನ್ನ ಗೆಲುವಲ್ಲ, ನಿಮ್ಮದು. ಮೇಜು ಒಡೆದೋಯ್ತು, ಆದ್ರೆ ನಾನು ಬಗ್ಗಲಿಲ್ಲ!” ಮೇಜು ಒಡೆದ ವಿಷಯ ಕಾಂತರಾಜನಿಗೂ ಹೊಸದು. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. “ಇವತ್ತು ಇದೇ ವೇದಿಕೇಲಿ ಒಂದು ಘೋಷಣೆ ಮಾಡ್ತೀನಿ. ಬಗರ್ ಹುಕುಂ ಸಮಿತೀಲಿ ಒಂದು ಸ್ಥಾನ ಖಾಲಿ ಐತೆ…”

ಕಲಾ ತಾಯಿಯ ತೊಡೆ ಚಿವುಟಿದಳು. ಕಾಂತರಾಜ್ ಅಂಗಿಯ ಕಾಲರ್ ಸರಿಮಾಡಿಕೊಂಡ.

“ನಿಲ್ಲಪ್ಪಾ,” ಎಂದು ಮುನಿರತ್ನಮ್ಮ ವೇದಿಕೆ ಹತ್ತಿದರು. ಶಾಸಕರು ಹಿಡಿದ ಮೈಕ್ ಅವರ ಬಾಯಿಗೆ ಎಟುಕಲಿಲ್ಲ. ಕಾಂತರಾಜ್ ಓಡಿ ಹೋಗಿ ಅದನ್ನು ಇಸಿದುಕೊಂಡು ತಗ್ಗಿಸಿ ಹಿಡಿದ.

“ನಮ್ ಆಲಿಗೆ ಕೈ ಮುರ್ಕಂಡಿದ್ದೀಯ, ಸಂತೋಷ. ನಮ್ ಸಂಘದಲ್ಲಿ ಅರ್ಧ ಜನದ ಜಮೀನ್ ಅರ್ಜಿ ಅದೇ ಸಮಿತೀಲಿ ಕೂತೈತೆ. ಅಲ್ಲಿ ನಮ್ಮೋರು ಅಂತ ಒಬ್ರೂ ಇಲ್ಲ. ನಮ್ಮೇಲೆ ನಿಂಗೆ ಅಷ್ಟು ಪ್ರೀತಿ ಇದ್ರೆ ಆ ಜಾಗ ನಂಗ್ ಕೊಡು. ಇಲ್ಲಾಂದ್ರೆ ಆ ಬಟ್ಟೆ ಬಿಚ್ಚಿ ಕೈ ತೋರ್ಸು, ಮುರಿದೈತಾ ನೋಡ್ತೀವಿ.”

ಎರಡು ಕ್ಯಾಮೆರಾಗಳೂ ಬ್ಯಾಂಡೇಜಿನತ್ತ ತಿರುಗಿದವು. ಶಾಸಕರು ಕಾಂತರಾಜನನ್ನು ನೋಡಿದರು, ಜನರನ್ನು ನೋಡಿದರು, ಕೊನೆಗೆ ಕೈಯನ್ನು ನೋಡಿಕೊಂಡರು.

“ನಾನೂ ಅದನ್ನೇ ಹೇಳೋಕ್ ಹೊರಟಿದ್ದೆ ತಾಯಿ,” ಎಂದರು. “ಆ ಸ್ಥಾನ ನಿಮ್ದೇ!”

ಸರ್ಕಲ್ ಅದುರುವಂತೆ ಜೈಕಾರ ಎದ್ದಿತು. ಅಭ್ಯಾಸಬಲದಿಂದ ಅದನ್ನು ಶುರು ಮಾಡಿದವನು ಕಾಂತರಾಜನೇ. ಮೈಕ್ ಇನ್ನೂ ಅವನ ಕೈಯಲ್ಲಿತ್ತು.

ಮುಂದಿನ ಬುಧವಾರ ಮುನಿರತ್ನಮ್ಮನ ಹೆಸರಿನಲ್ಲಿ ಆದೇಶ ಬಂತು. ಅವರ ಅಭಿನಂದನಾ ಸಮಾರಂಭಕ್ಕೆ ರಚಿಸಿದ ಸಮಿತಿಯ ಸಂಚಾಲಕನಾಗಿ ಕಾಂತರಾಜ್ ಅವಿರೋಧವಾಗಿ ಆಯ್ಕೆಯಾದ.