ಸೋದರಮಾವನ ಕಸರತ್ತು

ಮಚ್ಛೇಂದ್ರನ ಪಾಲಿಗೆ ಈ ಜಗತ್ತಿನಲ್ಲಿ ಭಾರವಾದ ವಸ್ತು ಒಂದೇ, ಅದು ಅವನ ಅಕ್ಕನ ಮಾತು. ಬೀದರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ ಬೇರೆ ಭಾರ ಎಲ್ಲಿಂದ ಬರಬೇಕು? ಅವನು ಮಾರುವ ಸರಕೆಲ್ಲ ಮನುಷ್ಯರ ಮೂಗಿನ ಮೇಲೆ ಕೂರುವಂಥದ್ದು. ದಿನವಿಡೀ ಎತ್ತಿ ಇಳಿಸಿದರೂ ಬೆವರು ಬರುವುದಿಲ್ಲ. (ಬಂದರೆ ಗಿರಾಕಿ ಚೌಕಾಸಿಗೆ ನಿಂತಾಗ ಮಾತ್ರ.)

ಅಂಥವನಿಗೆ ಔರಾದದಿಂದ ಅಕ್ಕ ಕಸ್ತೂರಬಾಯಿ ಫೋನು ಮಾಡಿದಳು.

"ತಮ್ಮಾ, ನಮ್ಮ ಅಂಬಿಕಾನ ಲಗ್ನ ಗಟ್ಟಿ ಆಯ್ತು. ಗಂಡಿನವರು ಭಾಲ್ಕಿಯವರು. ಅಲ್ಲೇ ಫಂಕ್ಷನ್ ಹಾಲ್ ಹಿಡದೀವಿ."

"ಭಾಳ ಛಲೋ ಆಯ್ತಕ್ಕಾ!"

"ಛಲೋದು ಇನ್ನ ಮುಂದ ಅದ. ಹುಡುಗಿನ್ನ ಹಂದರಕ್ಕ ಎತ್ತಿಕೊಂಡು ಬರೋದು ಸೋದರಮಾವನ ಕೆಲಸ. ನಿನಗ ಆಗತದೋ ಇಲ್ಲೋ ಈಗೇ ಹೇಳು. ಆಗಂಗಿಲ್ಲಂದ್ರ ಗಾಲಿಕುರ್ಚಿ ತರಸ್ತೇನಿ. ಹುಡುಗಿಗಲ್ಲ, ನಿನಗ!"

ಅಕ್ಕನ ಈ ಕುಹಕಕ್ಕೆ ಕಾರಣವಿತ್ತು. ಅವಳ ದೊಡ್ಡ ಮಗಳ ಮದುವೆಯಲ್ಲಿ ಮಚ್ಛೇಂದ್ರ ಇದೇ ಪವಿತ್ರ ಕಾರ್ಯಕ್ಕೆಂದು ಬಗ್ಗಿದ್ದ. ಬಗ್ಗಿದವನು ಬಗ್ಗಿಯೇ ಉಳಿದ. ಸೊಂಟ ಹಿಡಿದುಕೊಂಡಿತ್ತು. ಕೊನೆಗೆ ಮದುಮಗಳೇ ಅವನ ರಟ್ಟೆ ಹಿಡಿದು ಹಂದರದವರೆಗೆ ನಡೆಸಿಕೊಂಡು ಬಂದಳು. ಆ ಕಥೆ ಇಂದಿಗೂ ಔರಾದ-ಭಾಲ್ಕಿ ಬಸ್ಸುಗಳಲ್ಲಿ ಟಿಕೆಟ್ಟಿಲ್ಲದೆ ಓಡಾಡುತ್ತದೆ.

ಈಗಿನ ಮದುಮಗಳು ಅಂಬಿಕಾ ತನ್ನ ಅಕ್ಕನಂತೆ ಸಣಕಲಿಯೂ ಅಲ್ಲ. ಕಾಲೇಜಿನ ಕಬಡ್ಡಿ ತಂಡದಲ್ಲಿ ಆಡಿದವಳು, ಆರಡಿಗೆ ಒಂದಿಷ್ಟೇ ಕಡಿಮೆ. ಅವಳು ಎದುರಾಳಿಯ ಕಾಲು ಹಿಡಿದರೆ ಆ ಕಾಲು ಅವಳದೇ ಆಸ್ತಿ.

"ಈ ಸಲ ಎತ್ತೇ ಎತ್ತತೇನಿ. ಮಂದಿ ನೋಡ್ಲಿ!" ಎಂದು ಮಚ್ಛೇಂದ್ರ ಹೆಂಡತಿ ದಾನಮ್ಮನ ಮುಂದೆ ಪ್ರತಿಜ್ಞೆ ಮಾಡಿದ.

"ನೋಡ್ತಾರ್ರಿ, ಅದೇ ನನಗ ಹೆದರಿಕಿ," ಎಂದಳು ದಾನಮ್ಮ. "ಮುಂಜಾನಿ ಹಾಸಗಿಂದ ನಿಮ್ಮನ್ನ ಎತ್ತಲಾಕ ನಾ ಎರಡು ಸರ್ತಿ ಚಹಾ ಕಾಸ್ತೇನಿ. ನೀವು ಆ ಹುಡುಗಿನ್ನ ಎತ್ತತೀರಿ?"

ಮರುದಿನ ಅವನು ಮೈಲೂರಿನ ಖಾಲಿದ ಉಸ್ತಾದನ ಜಿಮ್ಮಿನ ಹೊಸ್ತಿಲಲ್ಲಿ ನಿಂತ. ನಿಂತವನು ಬೆರಗಾಗಿ ಹೋದ. ಬೀದರ ಕೋಟೆಯ ಫಿರಂಗಿಯನ್ನು ಮೊದಲ ಸಲ ಕಂಡ ಬಾಲಕನಂತೆ ಬಾಯಿ ತೆರೆದ. ಗೋಡೆಯುದ್ದಕ್ಕೂ ಕಬ್ಬಿಣದ ಡಂಬಲ್ಸುಗಳು, ಕುಳ್ಳಗಿನವು, ದಪ್ಪಗಿನವು, ಸಂಸಾರ ಸಮೇತ ಸಾಲಾಗಿ ಕುಳಿತಿದ್ದವು. ಮೂಲೆಯಲ್ಲಿ ಹಿಡಿಕೆಯುಳ್ಳ ಗುಂಡುಗಳು. ನಡುವೆ ಹಗ್ಗ, ರಾಟೆ, ತೂಕದ ಬಿಲ್ಲೆಗಳ ಮಹಾಯಂತ್ರವೊಂದು ಯಾವ ದೇವರನ್ನೋ ಕೂರಿಸಲು ಕಾದ ರಥದಂತೆ ನಿಂತಿತ್ತು. ಅಲ್ಲಿದ್ದ ಜನ ಮೌನವಾಗಿ ಭಾರ ಎತ್ತುತ್ತಿದ್ದರು, ಮೌನವಾಗಿ ಇಳಿಸುತ್ತಿದ್ದರು. ಎತ್ತಿದ್ದನ್ನು ಎಲ್ಲಿಗೂ ಒಯ್ಯುತ್ತಿರಲಿಲ್ಲ! ಯಾವ ಕೂಲಿಯೂ ಇಲ್ಲದೆ ಇಷ್ಟು ಕೆಲಸ ಮಾಡುವ ಮಹಾತ್ಮರನ್ನು ಅವನು ಕಂಡಿರಲಿಲ್ಲ.

ಭಕ್ತಿ ಉಕ್ಕಿ ಅವನು ನೇರವಾಗಿ ಎಲ್ಲಕ್ಕಿಂತ ಉದ್ದದ ಸಲಾಕೆಗೆ ಕೈ ಹಾಕಿದ.

"ಅರೇ ಅರೇ ಮಚ್ಛೇಂದ್ರಭಾಯಿ! ಅದಕ್ಕ ಕೈ ಹಚ್ಚಬ್ಯಾಡ್ರಿ!" ಖಾಲಿದ ಓಡಿ ಬಂದ. "ಬಂದ ದಿನಾನೇ ಸಲಾಕಿ ಎತ್ತಿದ್ರ ನಾಳಿ ನಿಮ್ಮನ್ನ ನಾಕ ಮಂದಿ ಎತ್ತಬೇಕಾಗತದ. ಮೊದಲ ಮೈ ಬಿಸಿ ಮಾಡ್ರಿ. ಆಮ್ಯಾಲ ಬ್ಯಾಂಡ್."

ಮನೆಗೆ ಬಂದ ಮಚ್ಛೇಂದ್ರ ಗಂಭೀರವಾಗಿ ಘೋಷಿಸಿದ: "ಉಸ್ತಾದ ನನಗ ಬ್ಯಾಂಡ್ ಕೊಟ್ಟಾನ. ದಿನಾ ಮುಂಜಾನಿ ಜಗ್ಗಬೇಕು."

"ಬ್ಯಾಂಡ್ ಗಂಡಿನವರು ತರ್ತಾರ್ರೀ," ಎಂದಳು ದಾನಮ್ಮ. "ತುತ್ತೂರಿ ಊದೋರನ್ನ ನೀವ್ಯಾಕ ಜಗ್ತೀರಿ? ಅವರ ಜೊತಿ ಜಗಳೇನು?"

ಮಚ್ಛೇಂದ್ರ ಚೀಲದಿಂದ ಹಸಿರು ರಬ್ಬರಿನ ಪಟ್ಟಿ ತೆಗೆದು ತೋರಿಸಿದ.

"ಇದಾ? ನಮ್ಮಪ್ಪ ಲುಂಗಿ ಮ್ಯಾಲ ಇಂಥಾದೇ ಪಟ್ಟಿ ಕಟ್ತಿದ್ದ."

ಆದರೆ ಆ ಪಟ್ಟಿ ಲುಂಗಿಯದಲ್ಲ ಎಂದು ಮಚ್ಛೇಂದ್ರನಿಗೆ ಬೇಗ ತಿಳಿಯಿತು. ಕಿಟಕಿಯ ಸರಳಿಗೆ ಕಟ್ಟಿ ಜಗ್ಗಿದರೆ ಅದು ತಿರುಗಿ ಜಗ್ಗುತ್ತಿತ್ತು. ಮೊದಲ ವಾರ ಪಟ್ಟಿಯೇ ಗೆದ್ದಿತು. ನಂತರ ಖಾಲಿದ ಹಗುರ ಡಂಬಲ್ಸು ಕೊಟ್ಟ. ಆಮೇಲೆ ರಥದಂಥ ಯಂತ್ರದಲ್ಲಿ ಕೂರಿಸಿದ. "ಇದರಾಗ ದಾರಿ ಯಂತ್ರಾನೇ ತೋರಸ್ತದ. ಹೊಸಬರಿಗೆ ಭದ್ರ. ಡಂಬಲ್ಸನ್ಯಾಗ ದಾರಿ ನೀವೇ ಹುಡಕಬೇಕು, ಅದಕ್ಕ ಹುಷಾರ್," ಎಂದ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಬೆನ್ನು ನೆಟ್ಟಗಿರಬೇಕು. ಭಾರ ಎದೆಗೆ ಹತ್ತಿರವಿರಬೇಕು. ಎತ್ತಬೇಕಾದದ್ದು ಸೊಂಟವಲ್ಲ, ತೊಡೆ. ಇಷ್ಟು ದಿನ ತನ್ನ ತೊಡೆಗಳು ಕೇವಲ ಪ್ಯಾಂಟು ತುಂಬಿಸಲು ಇವೆ ಎಂದುಕೊಂಡಿದ್ದ ಮಚ್ಛೇಂದ್ರನಿಗೆ ಅವುಗಳ ಮೇಲೆ ಗೌರವ ಹುಟ್ಟಿತು.

ಕೊನೆಗೆ ಉಸ್ತಾದ ಮರಳು ತುಂಬಿದ ಚೀಲವೊಂದನ್ನು ಅವನ ಎರಡೂ ತೋಳಿಗೆ ಅಡ್ಡಲಾಗಿ ಕೊಟ್ಟ.

"ಇದೇ ನಿಮ್ಮ ಅಂಬಿಕಾ. ಎದಿಗೆ ಹಚ್ಚಿಕೊಳ್ರಿ. ಹಾಂ, ಮೊಣಕಾಲು ಮಡಚ್ರಿ. ಏಕ್... ದೋ... ತೀನ್, ಮ್ಯಾಲ! ಮತ್ತ, ಏಕ್... ದೋ... ತೀನ್!"

ಉಸ್ತಾದನ ಎಣಿಕೆಗೆ ಮಚ್ಛೇಂದ್ರ ಕುಗ್ಗುತ್ತಿದ್ದ, ಏಳುತ್ತಿದ್ದ. ಒಂದು ಸೆಟ್ ಮುಗಿದೊಡನೆ ಉಸ್ತಾದ ಬೆಂಚು ತೋರಿಸುತ್ತಿದ್ದ. "ಕೂಡ್ರಿ. ಆರಾಮ ಮಾಡೋದೂ ಕಸರತ್ತೇ. ದಮ್ಮು ತಿರುಗಿ ಬರೋತನಕ ಏಳಬಾರದು."

ವಾರಗಳು ಉರುಳಿದವು. ಈ ವಿದ್ಯೆ ಅವನ ಮೈಗೆ ಎಷ್ಟು ಇಳಿಯಿತೆಂದರೆ, ಅಂಗಡಿಯಲ್ಲಿ ಗಿರಾಕಿಯೊಬ್ಬ ಕಣ್ಣು ಪರೀಕ್ಷೆಯ ಫಲಕದ ಮೇಲಿನ ಅಂಕಿಗಳನ್ನು ಉರ್ದುವಿನಲ್ಲಿ ಓದಿದಾಗ ಮಚ್ಛೇಂದ್ರ ಗಲ್ಲಾಪೆಟ್ಟಿಗೆಯ ಹಿಂದೆ ಮೂರು ಸಲ ಮಾಯವಾಗಿ ಮೇಲೆ ಬಂದ. ಗಿರಾಕಿ ತನ್ನ ಕಣ್ಣೇ ಕೆಟ್ಟಿದೆ ಎಂದು ಇನ್ನೂ ದಪ್ಪ ಗಾಜು ಕೊಂಡುಹೋದ.

ಮದುವೆಯ ದಿನ ಭಾಲ್ಕಿಯ ಫಂಕ್ಷನ್ ಹಾಲ್ ತುಂಬಿ ತುಳುಕಿತ್ತು. ವೇದಿಕೆಯ ಮೇಲೆ ಅಂತರಪಟ ಹಿಡಿದಾಗಿತ್ತು. ಆ ಬಿಳಿ ಬಟ್ಟೆಯ ಆಚೆ ವರ ಸಂತೋಷಕುಮಾರ ಕೈಯಲ್ಲಿ ಹಾರ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಈಚೆ ಮದುಮಗಳಿಗೆಂದು ಹೂವಿನ ಕುರ್ಚಿ ಇತ್ತು. "ಪಡದಿ ಬಿದ್ದ ಕೂಡ್ಲೇ ಹಾರ ಹಾಕಿಬಿಡು. ಆಕಿ ಮೊದಲ ಹಾಕಿದ್ರ ಜನ್ಮಾಪೂರ್ತಿ ಆಕೀದೇ ನಡೀತದ," ಎಂದು ವರನ ತಾಯಿ ಗುರಮ್ಮ ಮಗನಿಗೆ ತಾಕೀತು ಮಾಡಿದ್ದಳು.

"ಮಾಮಾ, ಆಗದಿದ್ರ ಬಿಡು. ನಾನೇ ನಡದು ಬರ್ತೇನಿ," ಎಂದಳು ಅಂಬಿಕಾ ಕರುಣೆಯಿಂದ.

ಮಚ್ಛೇಂದ್ರ ಅವಳ ಪಕ್ಕಕ್ಕೆ ಬಂದ. ಪಾದ ಅಗಲಿಸಿದ. ಬೆನ್ನು ನೆಟ್ಟಗೆ ಮಾಡಿದ. ಮೊಣಕಾಲು ಮಡಚಿದ. ಉಸಿರು ಬಿಟ್ಟ. ಔರಾದ ತಾಲ್ಲೂಕಿನ ಕಬಡ್ಡಿ ಪಟು, ಒಡವೆ ಸೀರೆ ಸಮೇತ, ನೆಲ ಬಿಟ್ಟು ಮೇಲೆದ್ದಳು!

ಕಸ್ತೂರಬಾಯಿ ಗಾಳಿ ಹಾಕಿಕೊಳ್ಳುವುದನ್ನು ಮರೆತಳು. ದಾನಮ್ಮ ಬಾಯಿಗಿಟ್ಟ ಬೂಂದಿ ಉಂಡೆಯನ್ನು ಅಗಿಯಲೂ ಇಲ್ಲ, ನುಂಗಲೂ ಇಲ್ಲ. ಈ ಗಂಡಸು ಯಾರು ಎಂಬಂತೆ ನೋಡಿದಳು. ಮಚ್ಛೇಂದ್ರ ನಡೆದ. ವೇದಿಕೆಯ ಮೆಟ್ಟಿಲು ಏರಿದ. ಏದುಸಿರಿಲ್ಲ, ನಡುಕವಿಲ್ಲ. ಸೋದರಮಾವಂದಿರ ಇತಿಹಾಸದಲ್ಲಿ ಅದೊಂದು ಸುವರ್ಣ ಗಳಿಗೆ.

ಗಳಿಗೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಫೋಟೋಗ್ರಾಫರ್ ಸಲಾವೋದ್ದೀನ ಅಡ್ಡ ಬಂದ.

"ಮಾಮಾ ಸಾಬ್, ಅಲ್ಲೇ ನಿಲ್ರಿ! ಮಸ್ತ್ ಪೋಸ್! ರೆಡಿ, ಏಕ್... ದೋ... ತೀನ್!"

ಮಚ್ಛೇಂದ್ರನ ಮೊಣಕಾಲುಗಳು ಮಡಚಿದವು. ಮದುಮಗಳು ಕೆಳಗೆ ಹೋಗಿ ಮೇಲೆ ಬಂದಳು.

"ಅರೇ, ಹಿಲೋ ನಕ್ಕೋ! ಅಲುಗಾಡಿದ್ರ ಫೋಟೋ ಕೆಡತದ. ಫಿರ್ ಸೇ... ಏಕ್, ದೋ, ತೀನ್!"

ಮದುಮಗಳು ಮತ್ತೆ ಕೆಳಗೆ, ಮತ್ತೆ ಮೇಲೆ.

"ಮಾಮಾ, ಏನ್ ಮಾಡ್ಲಾಕತ್ತೀ?" ಅಂಬಿಕಾ ಕಿರುಚಿದಳು.

"ನಾ ಮಾಡ್ಲಾಕತ್ತಿಲ್ಲವ್ವಾ, ಕಾಲು ಮಾಡ್ಲಾಕತ್ತಾವ!"

ಸಲಾವೋದ್ದೀನ ಹಟ ಬಿಡಲಿಲ್ಲ. ಅವನು ಎಣಿಸಿದಷ್ಟೂ ಮಚ್ಛೇಂದ್ರ ಕುಗ್ಗಿ ಎದ್ದ. ಫೋಟೋ ಅಲುಗಿದಷ್ಟೂ ಸಲಾವೋದ್ದೀನ ಎಣಿಸಿದ. ನೆರೆದ ಜನ ಮೊದಲು ಉಸಿರು ಬಿಗಿಹಿಡಿದರು, ಆಮೇಲೆ ಚಪ್ಪಾಳೆ ಹೊಡೆದರು, ಕೊನೆಗೆ ಒಟ್ಟಾಗಿ ತಾವೇ "ಏಕ್! ದೋ! ತೀನ್!" ಎಂದು ಕೂಗತೊಡಗಿದರು.

ಸೆಟ್ ಮುಗಿಯಿತು. ಮಚ್ಛೇಂದ್ರ ಮದುಮಗಳನ್ನು ಗಾಜಿನ ಸಾಮಾನಿನಂತೆ ಮೆಲ್ಲಗೆ ಇಳಿಸಿದ. ಅವಳ ಮುಡಿಯ ಹೂದಂಡೆ ಓರೆಯಾಗಿತ್ತು, ಸೆರಗು ಜಾರಿತ್ತು. ಹೆಂಗಸರೆಲ್ಲ ಮುತ್ತಿಕೊಂಡು ಸರಿಮಾಡತೊಡಗಿದರು. ಮಚ್ಛೇಂದ್ರನಿಗೆ ಮಾತ್ರ ಆಗ ಲೋಕ ಕಾಣುತ್ತಿರಲಿಲ್ಲ. ಸೆಟ್ ಮುಗಿದ ಮೇಲೆ ಕೂರಬೇಕು. ಹತ್ತಿರದಲ್ಲೊಂದು ಕುರ್ಚಿ ಕಂಡಿತು. ಕುಳಿತ. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದ.

"ಮುಹೂರ್ತ ಮೀರ್ತದ್ರಿ!" ಎಂದು ಲಗ್ನ ಮಾಡಿಸುವ ಅಯ್ಯನವರು ಕಣ್ಣು ಗಡಿಯಾರದ ಮೇಲಿಟ್ಟೇ ಕೈಯೆತ್ತಿದರು. ಬ್ಯಾಂಡು ಬಾರಿಸಿತು. ಅಂತರಪಟ ಬಿತ್ತು. ಅಕ್ಷತೆಯ ಮಳೆ ಸುರಿಯಿತು. ತಾಯಿಯ ಮಾತು ಮೀರದ ಸಂತೋಷಕುಮಾರ, ತಲೆಯನ್ನೂ ಎತ್ತದೆ, ಮಿಂಚಿನಂತೆ ಹಾರವನ್ನು ಮುಂದಿದ್ದ ಕೊರಳಿಗೆ ಹಾಕಿಬಿಟ್ಟ.

ಮಚ್ಛೇಂದ್ರ ಕಣ್ಣು ಬಿಟ್ಟ. ವರನೂ ತಲೆಯೆತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡಿದರು.

"ನಮಸ್ಕಾರ್ರೀ ಮಾಮಾ," ಎಂದ ವರ, ಬೇರೇನೂ ಹೊಳೆಯದೆ.

ಸಲಾವೋದ್ದೀನ ಕ್ಯಾಮೆರಾ ಕ್ಲಿಕ್ಕಿಸಿದ. ಈ ಸಲ ಯಾರೂ ಅಲುಗಾಡಿರಲಿಲ್ಲ. ಫೋಟೋ ಅದ್ಭುತವಾಗಿ ಬಂತು.

ಜನರ ನಗು ಇಳಿಯಲು ಬಹಳ ಹೊತ್ತು ಹಿಡಿಯಿತು. ಹಾರ ಬಿಚ್ಚಿ ಅಂಬಿಕಾಳ ಕೊರಳಿಗೆ ಹಾಕಿಸಿ ಮದುವೆ ಮುಗಿಸಿದರು. ಆದರೆ ವರನ ತಾಯಿ ಗುರಮ್ಮ ಮಾತ್ರ ನಗಲಿಲ್ಲ. ಅವಳು ಬೆರಗಿನಿಂದ ಮಚ್ಛೇಂದ್ರನ ತೊಡೆಗಳನ್ನೇ ನೋಡುತ್ತಿದ್ದಳು. ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ದಾನಮ್ಮನ ಕೈಹಿಡಿದು ಕೇಳಿದಳು:

"ತಂಗೀ, ಅಕ್ಷತೆ ಬಿದ್ದಾವ, ಹಾರ ಬಿದ್ದದ, ನಾವೂ ಬ್ಯಾಡ ಅನ್ನಂಗಿಲ್ಲ. ಮನ್ಯಾಗ ಎತ್ತಲಾಕ ಸೋಯಾಬೀನ ಚೀಲ ಭಾಳ ಅದಾವ. ನಿಮ್ಮ ಮನಿಯವರನ್ನೂ ಒಯ್ಯೋಣೇನು?"

ಮಚ್ಛೇಂದ್ರ ಆಸೆಯಿಂದ ಹೆಂಡತಿಯ ಮುಖ ನೋಡಿದ. ದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಒಯ್ರಿ ಅಕ್ಕಾ, ಸಂತೋಷದಿಂದ ಒಯ್ರಿ. ಆದ್ರ ಒಂದು ಮಾತು. ಕೊಟ್ಟ ಹೆಣ್ಣನ್ನ ತಿರುಗಿ ತಂದು ಬಿಡೋ ಪದ್ಧತಿ ನಮ್ಮಲ್ಲಿಲ್ಲ."